ಕೊಲ್ಲದಿದ್ದರೆ ಸಾಕೇ?



ದೋಹಾದ ಸೂಕ್ ವಾಕಿಫ್‌ಗೆ ಹೋದವರೆಲ್ಲ ಅಲ್ಲಿನ ಗಿಡುಗಗಳ ಅಂಗಡಿಗಳನ್ನು ನೋಡಿಯೇ ಇರುತ್ತೀರಿ. ಕಣ್ಣು ಮುಚ್ಚುವ ತೊಗಲಿನ ಟೋಪಿ ತೊಟ್ಟು ಹಕ್ಕಿಗಳು ಸಾಲಾಗಿ ಕುಳಿತಿರುತ್ತವೆ. ಕಳೆದ ಚಳಿಗಾಲದಲ್ಲಿ ನನ್ನ ಮಗಳು, "ಅಪ್ಪಾ, ಇವು ಯಾವುದನ್ನು ಬೇಟೆಯಾಡುತ್ತವೆ?" ಎಂದು ಕೇಳಿದಳು. ಹುಬಾರಾ ಹಕ್ಕಿಯನ್ನು ಎಂದೆ. "ಪಾಪ ಅಲ್ವಾ?" ಎಂದಳು. "ಹೌದು, ನಾವು ಹಾಗೆಲ್ಲ ಮಾಡುವುದಿಲ್ಲ" ಎಂದು ಹೇಳಿ ಮುಂದೆ ನಡೆದೆ. ಉತ್ತರ ಸುಲಭವಾಗಿತ್ತು. ಆದರೆ ಸರಿಯಾಗಿತ್ತೇ?

ಹುಬಾರಾ ಕಝಾಕಸ್ತಾನ, ಉಜ್ಬೇಕಿಸ್ತಾನಗಳ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಇರಾನ್, ಪಾಕಿಸ್ತಾನ, ಅರಬ್ ನಾಡು, ನಮ್ಮ ರಾಜಸ್ಥಾನ-ಗುಜರಾತಿನವರೆಗೂ ಬರುವ ವಲಸೆ ಹಕ್ಕಿ. ಅತಿಯಾದ ಬೇಟೆ ಮತ್ತು ನೆಲೆಯ ನಾಶದಿಂದ ಇದು ಅಪಾಯದಲ್ಲಿದೆ. ಒಂದು ದೇಶ ಕಾಪಾಡಿದರೂ ಇನ್ನೊಂದು ದೇಶ ಬಲೆ ಹಾಕಿದರೆ ಫಲವಿಲ್ಲ. ವಲಸೆ ಜೀವಿಗಳ ರಕ್ಷಣೆಗೆಂದೇ 1979ರಲ್ಲಿ ಬಾನ್ ನಗರದಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾದದ್ದು ಇದಕ್ಕಾಗಿಯೇ. ಬೇಟೆಗೆ ಹಕ್ಕಿಯೇ ಉಳಿಯುವುದಿಲ್ಲವೆಂದು ಕಂಡಾಗ ಕೊಲ್ಲಿಯ ದೇಶಗಳು ಹುಬಾರಾವನ್ನು ಸಾಕಿ, ಮರಿ ಮಾಡಿಸಿ, ಬಯಲಿಗೆ ಬಿಡಲಾರಂಭಿಸಿದವು. ಇದಕ್ಕಾಗಿ ಅಬುಧಾಬಿಯಲ್ಲಿ 2006ರಲ್ಲಿ ಒಂದು ಅಂತರರಾಷ್ಟ್ರೀಯ ನಿಧಿಯೇ ಸ್ಥಾಪನೆಯಾಯಿತು. ಕತಾರಿನಲ್ಲೂ ಇಂಥ ಸಂತಾನಾಭಿವೃದ್ಧಿ ಕೇಂದ್ರವಿದೆ.

"ಬೇಟೆಗಾಗಿ ಬೆಳೆಸುವುದೂ ಒಂದು ಕರುಣೆಯೇ?" ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆಮೇಲೆ ನಮ್ಮ ಕಡೆ ತಿರುಗಿ ನೋಡಿದೆ.

ಗಿಡುಗದ ಬೇಟೆ ನಮಗೇನೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಅದನ್ನು ರಾಜವಿನೋದಗಳಲ್ಲಿ ಒಂದಾಗಿ ವರ್ಣಿಸಿದ್ದಾನೆ. ಅದು ಹಳೆಯ ಮಾತಾಯಿತು. ಈಗಿನದನ್ನು ನೋಡಿ. ಹುಬಾರಾದ ದೊಡ್ಡ ಬಂಧುವಾದ ನಮ್ಮ ಎರೆಭೂತ ಹಕ್ಕಿ ಹಿಂದೆ ರಾಣೆಬೆನ್ನೂರಿನ ಬಯಲಿನಲ್ಲಿತ್ತು, ಸಿರುಗುಪ್ಪದ ಎರೆಹೊಲಗಳಲ್ಲಿ ಕಾಣುತ್ತಿತ್ತು. ಇಂದು ಇಡೀ ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು. ಬೇಟೆಯ ಜೊತೆಗೆ ಹುಲ್ಲುಗಾವಲಿನ ನಾಶ ಮತ್ತು ವಿದ್ಯುತ್ ತಂತಿಗಳು ಅದನ್ನು ಮುಗಿಸುತ್ತಿವೆ. ನಮ್ಮ ಊರ ಹೊರಗಿನ ಹುಲ್ಲುಬಯಲು ಲೇಔಟ್ ಆದಾಗ, ಇಲ್ಲಿನ ದುಡಿಮೆಯಿಂದ ನಾನೂ ಅಲ್ಲೊಂದು ಸೈಟು ಕೊಂಡೆ. ಆ ದಿನ ನನ್ನ ಕೈಯಲ್ಲಿ ಬಿಲ್ಲೂ ಇರಲಿಲ್ಲ, ಗಿಡುಗವೂ ಇರಲಿಲ್ಲ. ಇದ್ದದ್ದು ಪೆನ್ನು ಮಾತ್ರ.

ಮಹಾಭಾರತದ ವನಪರ್ವದ ಕಥೆ ನಿಮಗೆ ಗೊತ್ತೇ ಇದೆ. ತಪಸ್ವಿ ಕೌಶಿಕ ಕೋಪದಿಂದ ನೋಡಿದ್ದಕ್ಕೇ ಒಂದು ಬಕಪಕ್ಷಿ ಸತ್ತುಬಿದ್ದಿತು. ಆಯುಧ ಹಿಡಿಯದವನೇ ಹಕ್ಕಿಯನ್ನು ಕೊಂದಿದ್ದ! ಅವನು ಧರ್ಮ ಕಲಿಯಲು ಹೋಗಬೇಕಾದದ್ದು ಮಿಥಿಲೆಯ ಮಾಂಸದಂಗಡಿಗೆ, ಧರ್ಮವ್ಯಾಧನ ಬಳಿಗೆ. ಹಾಗೆಂದು ವ್ಯಾಧ ತನ್ನ ಕಸುಬನ್ನು ಹೊಗಳಿಕೊಳ್ಳಲಿಲ್ಲ, ಅದು ಘೋರವೆಂದೇ ಒಪ್ಪಿಕೊಂಡ. ಕೌಶಿಕನೂ ಅಂಗಡಿಯನ್ನು ನೋಡಿ ಹಿಂದಿರುಗಲಿಲ್ಲ.

ಇಂದು ಅಂಥದ್ದೇ ನಡೆದಿದೆ. ಹುಬಾರಾ ಸಾಕಿ ಸಾಕಿ ಅಬುಧಾಬಿಯವರು ಪಳಗಿಸಿಕೊಂಡ ಕೃತಕ ಗರ್ಭಧಾರಣೆಯ ವಿದ್ಯೆಯನ್ನು ನಮ್ಮ ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು ಕಲಿತು ಬಂದರು. 2024ರ ಅಕ್ಟೋಬರಿನಲ್ಲಿ ಜೈಸಲ್ಮೇರಿನಲ್ಲಿ ಆ ವಿಧಾನದಿಂದ ಎರೆಭೂತದ ಮೊದಲ ಮರಿ ಹುಟ್ಟಿತು. ಬೇಟೆಯ ಆಸೆಯಿಂದ ಬೆಳೆದ ವಿದ್ಯೆ, ಬೇಟೆಯೇ ನಿಷಿದ್ಧವಾದ ಹಕ್ಕಿಯನ್ನು ಉಳಿಸಲು ಬಂದಿತು.

ಇದರಿಂದ ಬೇಟೆ ಪುಣ್ಯವಾಗುವುದಿಲ್ಲ. ಆದರೆ ನಮ್ಮ ಅಹಿಂಸೆ ಪೂರ್ಣವೆಂಬ ಹೆಮ್ಮೆಯೂ ಉಳಿಯುವುದಿಲ್ಲ. ಕೈಯಿಂದ ಕೊಲ್ಲದಿರುವುದು ಅಹಿಂಸೆಯ ಮೊದಲ ಮೆಟ್ಟಿಲು. ಇನ್ನೊಂದು ಜೀವಕ್ಕೆ ಬದುಕಲು ಜಾಗ ಬಿಡುವುದು ಎರಡನೆಯದು. ಮರಿ ಹುಟ್ಟಿಸುವ ವಿದ್ಯೆಯನ್ನು ಬೇರೆಯವರಿಂದ ಕಲಿಯಬಹುದು, ಆದರೆ ಅದನ್ನು ಬಿಡುವ ಬಯಲನ್ನು ನಾವೇ ಉಳಿಸಬೇಕು.

ಮಗಳಿಗೆ ಕೊಟ್ಟ ಉತ್ತರವನ್ನು ಮೊನ್ನೆ ತಿದ್ದಿದೆ. ಸೈಟಿನ ವಿಷಯವನ್ನೂ ಹೇಳಿದೆ. "ಹಾಗಾದರೆ ಅಲ್ಲಿದ್ದ ಹಕ್ಕಿ ಎಲ್ಲಿಗೆ ಹೋಯಿತು?" ಎಂದಳು. ಆ ಪ್ರಶ್ನೆಯನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಾವೆಲ್ಲರೂ ಒಮ್ಮೆ ಊರ ಹೊರಗೆ ನಡೆದು ನೋಡೋಣ.