ಹತ್ತರಲ್ಲಿ ಒಂದು ಅಂದ್ರೆ, ಯಾರ ಲೆಕ್ಕ?

ಇವತ್ತು ಐಸ್ ಹಾಕಿ ಬಗ್ಗೆ ಮಾತಾಡೋಣ. ಆಟದ ನಿಯಮ ಗೊತ್ತಿಲ್ಲದಿದ್ರೂ ಪರವಾಗಿಲ್ಲ. ಟೊರಾಂಟೊ, ಕ್ಯಾಲ್ಗರಿ, ಮಿನ್ನೆಸೋಟ ಕಡೆ ಮಕ್ಕಳನ್ನ ಬೆಳಗಿನ ಜಾವ ರಿಂಕ್‌ಗೆ ಕರ್ಕೊಂಡು ಹೋಗೋ ಅಪ್ಪ ಅಮ್ಮಂದಿರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ನಾನು ಕೇಳಬೇಕು ಅಂತಿರೋ ಪ್ರಶ್ನೆ ಇಷ್ಟೇ: ಹದಿನೆಂಟು ವರ್ಷದ ಹುಡುಗನಿಗೆ "ನೀನು ಮೇಲೆ ಬರೋ ಸಾಧ್ಯತೆ ಹತ್ತರಲ್ಲಿ ಒಂದು" ಅಂತ ಹೇಳಿದರೆ, ಆ ಸಂಖ್ಯೆಯನ್ನು ಇಟ್ಟುಕೊಂಡು ಅವನು ಏನು ಮಾಡಬೇಕು?

ಮೊದಲು ಹಿನ್ನೆಲೆ. ಉತ್ತರ ಅಮೆರಿಕದ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್ ಪ್ರತಿ ವರ್ಷ ಡ್ರಾಫ್ಟ್ ನಡೆಸುತ್ತದೆ. 32 ತಂಡಗಳು ಸರದಿ ಪ್ರಕಾರ ಯುವ ಆಟಗಾರರ ಹೆಸರು ಕೂಗುತ್ತವೆ. ಏಳು ಸುತ್ತು, ಒಟ್ಟು 224 ಹೆಸರು. ಬಹುತೇಕರ ವಯಸ್ಸು ಹದಿನೆಂಟು. ಹೆಸರು ಕೂಗಿದ ಮಾತ್ರಕ್ಕೆ ತಂಡದಲ್ಲಿ ಜಾಗ ಸಿಕ್ಕಿತು ಅಂತಲ್ಲ. ಅವನ ಜೊತೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಕೆಲವು ವರ್ಷ ಆ ತಂಡಕ್ಕೆ ಮಾತ್ರ ಇರುತ್ತದೆ, ಅಷ್ಟೇ. ಮೊದಲ ಸುತ್ತಿನವರಲ್ಲಿ ಹೆಚ್ಚಿನವರು ಲೀಗಿನಲ್ಲಿ ಆಡುತ್ತಾರೆ. ಸುತ್ತು ಮುಂದೆ ಹೋದಂತೆ ಸಾಧ್ಯತೆ ಬೇಗ ಬೇಗ ಇಳಿಯುತ್ತದೆ. ಆರನೇ, ಏಳನೇ ಸುತ್ತಿಗೆ ಬರುವ ಹೊತ್ತಿಗೆ ಲೀಗಿನಲ್ಲಿ ನೆಲೆಯೂರುವವರು ಸುಮಾರು ಹತ್ತರಲ್ಲಿ ಒಬ್ಬರು.

ಆ ಒಬ್ಬರಲ್ಲಿ ಕೆಲವರ ಕಥೆ ಪ್ರಸಿದ್ಧ. 2000ದ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲು ಕೂಗಿದ ಹೆಸರು ಒಬ್ಬ ಗೋಲ್‌ಕೀಪರ್‌ದು: ರಿಕ್ ಡಿಪಿಯೆಟ್ರೊ. ಅದೇ ವರ್ಷ ಏಳನೇ ಸುತ್ತಿನಲ್ಲಿ, 205ನೆಯವನಾಗಿ, ನ್ಯೂಯಾರ್ಕ್ ರೇಂಜರ್ಸ್ ಸ್ವೀಡನ್ನಿನ ಇನ್ನೊಬ್ಬ ಗೋಲ್‌ಕೀಪರ್‌ನನ್ನು ಆರಿಸಿತು: ಹೆನ್ರಿಕ್ ಲುಂಡ್‌ಕ್ವಿಸ್ಟ್. ಗಾಯಗಳ ಮೇಲೆ ಗಾಯಗಳಿಂದ ಬಳಲಿದ ಡಿಪಿಯೆಟ್ರೊ 318 ಪಂದ್ಯ ಆಡಿದರು. ಲುಂಡ್‌ಕ್ವಿಸ್ಟ್ 887 ಆಡಿ, 459 ಗೆದ್ದು, 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಡೆಟ್ರಾಯಿಟ್ ತಂಡ 1998ರಲ್ಲಿ 171ನೆಯವನಾಗಿ ಪಾವೆಲ್ ದತ್ಸ್ಯುಕ್‌ರನ್ನೂ, 1999ರಲ್ಲಿ 210ನೆಯವನಾಗಿ ಹೆನ್ರಿಕ್ ಜೆಟ್ಟರ್‌ಬರ್ಗ್‌ರನ್ನೂ ಆರಿಸಿತು. 2008ರಲ್ಲಿ ಡೆಟ್ರಾಯಿಟ್ ಸ್ಟ್ಯಾನ್ಲಿ ಕಪ್ ಗೆದ್ದಾಗ ಆ ತಂಡದ ಜೀವಾಳ ಈ ಇಬ್ಬರೇ.

ಇಂಥ ಕಥೆ ಕೇಳಿದಾಗ "ಎಂಥಾ ಕಣ್ಣು ಆ ಸ್ಕೌಟ್‌ಗಳದ್ದು!" ಅಂತ ಮೆಚ್ಕೋತೀವಿ. ಸ್ವಲ್ಪ ನಿಂತು ಯೋಚನೆ ಮಾಡಿ. ಜೆಟ್ಟರ್‌ಬರ್ಗ್ ಇಷ್ಟು ದೊಡ್ಡ ಆಟಗಾರ ಆಗ್ತಾನೆ ಅಂತ ನಿಜವಾಗ್ಲೂ ಗೊತ್ತಿದ್ದಿದ್ದರೆ 210ರ ತನಕ ಯಾರು ಕಾಯ್ತಿದ್ರು? ಡೆಟ್ರಾಯಿಟ್ಟೇ ಆ ವರ್ಷ ಅವನಿಗಿಂತ ಮೊದಲು ಬೇರೆಯವರನ್ನು ಆರಿಸಿತ್ತು. ರೇಂಜರ್ಸ್ ಕೂಡ ಲುಂಡ್‌ಕ್ವಿಸ್ಟ್‌ನನ್ನು ಹಲವು ಸಲ ಬಿಟ್ಟು ಮುಂದೆ ಹೋಗಿತ್ತು. ಇವರಲ್ಲಿ ಏನೋ ಇದೆ ಅಂತ ಸ್ಕೌಟ್‌ಗಳಿಗೆ ಅನಿಸಿದ್ದು ನಿಜ. ಎಷ್ಟಿದೆ ಅಂತ ಯಾರಿಗೂ ಕಂಡಿರಲಿಲ್ಲ.

ನಮ್ಮ ಭಾಷೆಯಲ್ಲಿ ಇದಕ್ಕೊಂದು ಒಳ್ಳೆ ಪದ ಇದೆ: ಅದೃಷ್ಟ. ನಾವದನ್ನು ಲಕ್ ಅನ್ನೋ ಅರ್ಥದಲ್ಲಿ ಬಳಸ್ತೀವಿ. ಪದ ಬಿಡಿಸಿದರೆ ಅ-ದೃಷ್ಟ, ಕಾಣದೇ ಇದ್ದದ್ದು. ಲುಂಡ್‌ಕ್ವಿಸ್ಟ್ ಸಿಕ್ಕಿದ್ದು ರೇಂಜರ್ಸ್ ಅದೃಷ್ಟ ಅಂದರೆ, ಅವನ ಪ್ರತಿಭೆ ಆಕಾಶದಿಂದ ಬಿತ್ತು ಅಂತಲ್ಲ. ಅದು ಅವನಲ್ಲಿತ್ತು, ಅಥವಾ ಬೆಳೀತಾ ಇತ್ತು. ನೋಡುವವರಿಗೆ ಕಾಣಲಿಲ್ಲ.

ಹಾಗಾದರೆ "ಬೆಳೆಯುವ ಸಿರಿ ಮೊಳಕೆಯಲ್ಲಿ" ಅನ್ನೋ ಗಾದೆ? ಈ ಗಾದೆ ಕೇಳದೆ ಬೆಳೆದ ಕನ್ನಡದ ಮಗು ಕಡಿಮೆ. ಆದರೆ ಮೊಳಕೆಯಲ್ಲಿ ನಮಗೆ ಕಾಣೋದು ಎಷ್ಟೋ ಸಲ ಮೊಳಕೆಯ ವಯಸ್ಸು ಮಾತ್ರ. ಕೆನಡಾದಲ್ಲಿ ಮಕ್ಕಳ ಹಾಕಿಗೆ ವಯಸ್ಸಿನ ಗಡಿ ಜನವರಿ 1. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಎಂಟು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳು ಅಂದರೆ ಬಹಳ ಅಂತರ. ದೊಡ್ಡವನು ಚುರುಕಾಗಿ ಕಾಣ್ತಾನೆ, ಒಳ್ಳೆಯ ತಂಡಕ್ಕೆ ಸೇರ್ತಾನೆ, ಒಳ್ಳೆಯ ಕೋಚ್ ಸಿಗ್ತಾರೆ, ಐಸ್ ಮೇಲೆ ಹೆಚ್ಚು ಹೊತ್ತು ಸಿಗುತ್ತದೆ. ಕೆನಡಾದ ಮೇಲ್ಮಟ್ಟದ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಅನ್ನುವುದನ್ನು ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲೇ ತೋರಿಸಿದ್ದರು. 2013ರ ಒಂದು ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ವರ್ಷದ ಕೊನೆಗೆ ಹುಟ್ಟಿದ ಕೆನಡಾದ ಆಟಗಾರರನ್ನು ತಂಡಗಳು ಡ್ರಾಫ್ಟ್‌ನಲ್ಲಿ ಅವರ ಯೋಗ್ಯತೆಗಿಂತ ತಡವಾಗಿ ಆರಿಸುತ್ತಿದ್ದವು.

ಇನ್ನೊಂದು ವಿಷಯ. "ಹತ್ತರಲ್ಲಿ ಒಂದು" ಅನ್ನೋ ಸಂಖ್ಯೆ ಹವಾಮಾನ ವರದಿಯಂಥದ್ದಲ್ಲ. ಮಳೆ ಬರುತ್ತೆ ಅಂತ ವರದಿ ಬಂದ ಮಾತ್ರಕ್ಕೆ ಮಳೆ ಜಾಸ್ತಿಯಾಗಲ್ಲ. ಡ್ರಾಫ್ಟ್‌ನ ಸಂಖ್ಯೆ ಮಾತ್ರ ಹುಡುಗನ ಭವಿಷ್ಯದ ಒಳಗೇ ಕೈ ಹಾಕುತ್ತದೆ. ಬಾಸ್ಕೆಟ್‌ಬಾಲ್‌ನ ಎನ್‌ಬಿಎಯಲ್ಲಿ ಬ್ಯಾರಿ ಸ್ಟಾ ಮತ್ತು ಹಾ ಹೊವಾಂಗ್ 1995ರಲ್ಲಿ ಇದನ್ನು ತೋರಿಸಿದರು: ಇಬ್ಬರು ಒಂದೇ ಥರ ಆಡುತ್ತಿದ್ದರೂ ಡ್ರಾಫ್ಟ್‌ನಲ್ಲಿ ಮೊದಲು ಬಂದವನಿಗೆ ಅಂಗಳದಲ್ಲಿ ಹೆಚ್ಚು ಸಮಯ ಸಿಗುತ್ತಿತ್ತು, ಅವನು ಲೀಗಿನಲ್ಲಿ ಹೆಚ್ಚು ವರ್ಷ ಉಳಿಯುತ್ತಿದ್ದ. ಮೊದಲು ಆರಿಸಿದವನ ಮೇಲೆ ತಂಡ ಮಾನ ಇಟ್ಟಿರುತ್ತದೆ, ಅದಕ್ಕೇ ಕಾಯುತ್ತದೆ. ಕೊನೆಯವನಿಗೆ ಆ ತಾಳ್ಮೆ ಸಿಗುವುದು ಕಷ್ಟ. ಆಮೇಲೆ ಕೊನೆಯವರು ಮೇಲೆ ಬರಲಿಲ್ಲ ಅಂತ ಲೆಕ್ಕ ಬರೆದರೆ, ಅದರಲ್ಲಿ ಅವರ ಆಟದ ಜೊತೆ ನಮ್ಮ ಗಮನದ ಲೆಕ್ಕವೂ ಸೇರಿಕೊಂಡಿರುತ್ತದೆ.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. ಎಲ್ಲರಿಗೂ ಸಮಾನ ಅವಕಾಶ ಕೊಡಕ್ಕಾಗುತ್ತಾ? ಐಸ್ ಮೇಲಿನ ಹೊತ್ತಿಗೆ ಮಿತಿ ಇದೆ, ಆರಿಸಲೇಬೇಕು. ಒಪ್ಪಿದೆ. ತಂಡದ ಮಟ್ಟಿಗೆ ಈ ಲೆಕ್ಕ ತಪ್ಪಲ್ಲ. ಹತ್ತರಲ್ಲಿ ಒಂದು ಸಾಧ್ಯತೆ ಇರುವ ಏಳು ಜನರನ್ನು ಆರಿಸಿದರೆ, ಕನಿಷ್ಠ ಒಬ್ಬನಾದರೂ ಮೇಲೆ ಬರುವ ಸಾಧ್ಯತೆ ಸುಮಾರು ಶೇ. 52. ಅರ್ಧಕ್ಕಿಂತ ಜಾಸ್ತಿ! ತಂಡಕ್ಕೆ ಇದು ಲಾಭದ ವ್ಯವಹಾರ. ಆದರೆ ಹುಡುಗನ ಕಡೆಯಿಂದ ನೋಡಿ. ಅವನಿಗೆ ಏಳು ಬದುಕಿಲ್ಲ. ತಂಡಕ್ಕೆ ಏಳರಲ್ಲಿ ಒಂದು ಫಲಿಸಿದರೆ ಸಾಕು. ಅವನಿಗೆ ಇರೋದೇ ಒಂದು. ಒಂದೇ ಸಂಖ್ಯೆ, ಮೇಜಿನ ಆ ಕಡೆ ಒಂದು ಅರ್ಥ, ಈ ಕಡೆ ಇನ್ನೊಂದು.

ನಮ್ಮ ಮನೆಗಳಲ್ಲಿ ಈ ಗೊಂದಲ ಜಾಸ್ತಿ ಅಂತ ನನಗನ್ಸುತ್ತೆ. ಇಲ್ಲಿಗೆ ಬಂದ ಮೊದಲ ತಲೆಮಾರಿನ ಅನೇಕರು ಸಿಇಟಿ ರ‍್ಯಾಂಕ್ ಹಿಡಿದು ಸೀಟು ಪಡೆದವರು. ಅಲ್ಲಿ ರ‍್ಯಾಂಕ್ ಅಂದರೆ ಬರೆದು ಮುಗಿಸಿದ ಪರೀಕ್ಷೆಯ ಫಲಿತಾಂಶ. ಡ್ರಾಫ್ಟ್‌ನ ಸಂಖ್ಯೆ ಇನ್ನೂ ಬರೆಯದ ಪರೀಕ್ಷೆಯ ಬಗ್ಗೆ ಬೇರೆಯವರು ಮಾಡಿದ ಊಹೆ. ಎರಡನ್ನೂ ಒಂದೇ ಥರ ಓದಿದರೆ ಎರಡು ತಪ್ಪು ಮಾಡ್ತೀವಿ. ಒಂದು, "ನಿನ್ನ ಕೈಲಿ ಆಗಲ್ಲ ಬಿಡು" ಅಂತ ಬಾಗಿಲು ಮುಚ್ಚೋದು. ಇನ್ನೊಂದು ಅದರ ತದ್ವಿರುದ್ಧ: "ಲುಂಡ್‌ಕ್ವಿಸ್ಟ್ ಕೂಡ 205ನೆಯವನೇ ಕಣೋ" ಅಂತ ಸಮಾಧಾನ ಹೇಳೋದು. ಆ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಉಳಿದ ಒಂಬತ್ತು ಜನರ ಹೆಸರು ನಮಗೆ ನೆನಪಿಲ್ಲ, ಅದಕ್ಕೇ ಆ ಕಥೆ ಅಷ್ಟು ಸಿಹಿ.

ಮಕ್ಕಳಿಗೆ ಸಂಖ್ಯೆ ಹೇಳಿ, ಮುಚ್ಚಿಡಬೇಡಿ. ಅದು ಯಾರ ಲೆಕ್ಕ ಅನ್ನೋದನ್ನೂ ಜೊತೆಗೇ ಹೇಳಿ. "ನಿನ್ನಂಥ ಹತ್ತು ಜನರಲ್ಲಿ ಒಬ್ಬ ಉಳೀತಾನೆ. ಆ ಒಬ್ಬ ನೀನಾ ಅಂತ ಈ ಸಂಖ್ಯೆ ಹೇಳಲ್ಲ. ನೀನಲ್ಲ ಅಂತಾದ್ರೆ, ಈ ವರ್ಷಗಳು ನಿನಗೆ ಏನು ಕೊಟ್ಟಿರಬೇಕು?" ಈ ಕೊನೆಯ ಪ್ರಶ್ನೆಗೆ ಉತ್ತರ ಇದ್ದರೆ ಆಡಲಿ. ಇಲ್ಲದಿದ್ದರೆ, ಸಾಧ್ಯತೆ ಹತ್ತರಲ್ಲಿ ಐದಿದ್ದರೂ ಯೋಚಿಸಬೇಕಾದ್ದೇ.

ಆರಿಸುವ ಜಾಗದಲ್ಲಿ ಇರುವವರಿಗೂ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನ ಕೆಲಸಕ್ಕೆ ಜನರನ್ನು ತಗೋತೀವಿ, ಪಾಠ ಮಾಡ್ತೀವಿ, ಸಂಘದ ನಾಟಕಕ್ಕೆ ಪಾತ್ರ ಹಂಚ್ತೀವಿ. ಗೋಲ್‌ಕೀಪರ್ ಪೆಕ್ಕಾ ರಿನ್ನೆಯನ್ನು ನ್ಯಾಶ್‌ವಿಲ್ ತಂಡ 2004ರಲ್ಲಿ ಎಂಟನೇ ಸುತ್ತಿನಲ್ಲಿ, 258ನೆಯವನಾಗಿ ಆರಿಸಿತು. ಮರುವರ್ಷವೇ ಡ್ರಾಫ್ಟ್ ಏಳು ಸುತ್ತಿಗೆ ಇಳಿಯಿತು. ರಿನ್ನೆ 2018ರಲ್ಲಿ ಲೀಗಿನ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ ಪಡೆದಾಗ, ಅವರು ಒಳಗೆ ಬಂದ ಬಾಗಿಲೇ ಇರಲಿಲ್ಲ. ನಮ್ಮ ಕಣ್ಣಿಗೆ ಎಲ್ಲವೂ ಕಾಣಲ್ಲ ಅಂತ ಗೊತ್ತಿರುವವರು ಕೊನೆಯ ಒಂದೆರಡು ಬಾಗಿಲನ್ನಾದರೂ ತೆರೆದಿಡಬೇಕು. ಒಳಗೆ ಬಂದವನನ್ನು ಯಾವ ಬಾಗಿಲಿಂದ ಬಂದ ಅಂತ ಪದೇಪದೇ ನೆನಪಿಸಬಾರದು.

ಕೊನೆಗೆ ಒಂದು ಹೆಸರು ಬಾಕಿ ಇದೆ. ಲುಂಡ್‌ಕ್ವಿಸ್ಟ್‌ಗೆ ಒಬ್ಬ ಅವಳಿ ಸಹೋದರ, ಯೋಯೆಲ್. 2000ದಲ್ಲಿ ಇಬ್ಬರೂ ಆಯ್ಕೆಯಾದರು, ಯೋಯೆಲ್ ತುಂಬಾ ಮೊದಲೇ, 68ನೆಯವನಾಗಿ. ಎನ್‌ಎಚ್‌ಎಲ್‌ನಲ್ಲಿ ಅವರು ಆಡಿದ್ದು 134 ಪಂದ್ಯ. ಆಮೇಲೆ ಸ್ವೀಡನ್‌ಗೆ ವಾಪಸ್ ಹೋಗಿ, ಯೊತೆಬೊರಿ ನಗರದ ಫ್ರೊಲುಂಡಾ ತಂಡದಲ್ಲಿ ವರ್ಷಗಟ್ಟಲೆ ಆಡಿದರು, ಅದರ ನಾಯಕರಾದರು. 2017ರಲ್ಲಿ ಸ್ವೀಡನ್ ವಿಶ್ವ ಚಾಂಪಿಯನ್ ಆದಾಗ ಗೋಲಿನಲ್ಲಿ ನಿಂತಿದ್ದವರು ಹೆನ್ರಿಕ್, ತಂಡದ ನಾಯಕ ಯೋಯೆಲ್. 68ನೆಯವನು ಸೋತ, 205ನೆಯವನು ಗೆದ್ದ ಅಂತ ಬರೆಯೋಕೆ ನಿಮಗೆ ಮನಸ್ಸು ಬರುತ್ತಾ? ಯೋಚಿಸಿ, ಮನೆಯಲ್ಲಿ ಮಾತಾಡಿ, ನಮಗೂ ಬರೆದು ತಿಳಿಸಿ.