ನನಗ ಆಗಲಿಲ್ಲ ಅಂದ್ರ ಅದು ಸುಳ್ಳೇನು?

ನಾನು ಓದಿದ್ದು ಏಳನೇ ಇಯತ್ತೆ. ಆದರ ಹರದೇಶಿ ಮೇಳದಾಗ ಮೂವತ್ತು ವರ್ಷ ಹಾಡಿದವ. ಎದುರಿಗೆ ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡಿದರೆ, ಗಂಡು ಹೆಚ್ಚು ಅಂತ ಅವರ ಮಾತು ಮುರಿಯೋದು ನಮ್ಮ ಕೆಲಸ. ಬೆಳತನಕ ಹಾಡಿ ಮುರಿದವ ಗೆದ್ದಂಗ. ಅದೇ ಚಟ ಮನೆಗೂ ಬಂತು. ಯಾರು ಏನು ಹೇಳಿದರೂ ಮೊದಲು ಮುರಿಯೋದು, ಆಮ್ಯಾಲ ಕೇಳೋದು.

ಸೋಲಾಪುರದಾಗ ಕಂಪ್ಯೂಟರ್ ಕಲಿಯೋ ಮೊಮ್ಮಗ ದೀಪಾವಳಿಗೆ ಬಂದಾಗ ಒಂದು ಕಥಿ ಹೇಳಿದ. ಕಥಿ ಅಲ್ಲ, ಖರೇನೇ ನಡೆದದ್ದು. ಉಬುಂಟು ಅಂತ ಒಂದು ತಂತ್ರಾಂಶ ಅದ. ಅದರ ಒಳಗಿನ ಬರಹ ಎಲ್ಲರಿಗೂ ತೆರೆದದ್ದು, ತಪ್ಪು ಕಂಡವರು ಯಾರಾದರೂ ದೂರು ಬರೀಬಹುದು. 2009ರಾಗ ಅಲ್ಲಿಗೆ ಒಬ್ಬಾತ ಬರೆದ: "ನನ್ನ ಹೆಂಡತಿ ಹೇಳ್ತಾಳ, ಓಪನ್ ಆಫೀಸಿನಿಂದ ಮಂಗಳವಾರ ಕಾಗದ ಅಚ್ಚಾಗೂದಿಲ್ಲ ಅಂತ."

ನಮ್ಮೂರಾಗ ಹಿಂಗಂದಿದ್ದರೆ ಏನಾಗ್ತಿತ್ತು? ಅರ್ಧ ಮಂದಿ ನಗ್ತಿದ್ದರು. ಉಳಿದ ಅರ್ಧ, "ಮಂಗಳವಾರ ಹೊಸ ಕೆಲಸ ಮಾಡಬಾರದು ಅಂತ ಹಿರಿಯರು ಸುಮ್ಮನ ಹೇಳ್ಯಾರೇನು?" ಅಂತ ಕಾಯಿ ಒಡೀತಿದ್ದರು. ಬುಧವಾರ ಪರೀಕ್ಷೆ ಮಾಡಿದವನಿಗೆ ದೋಷವೇ ಕಾಣೂದಿಲ್ಲ. ಅವ, "ಸುಳ್ಳು, ನನ್ನಲ್ಲಿ ಆಗತದ" ಅಂದರೆ ಅವನ ಮಾತೂ ಖರೇನೇ!

ಆ ಗಂಡ ಮಾತ್ರ ನಗಲಿಲ್ಲ. ಹೆಂಡತಿ ಮಂಗಳವಾರ ಕೂತು ಮಾಡಿ ತೋರಿಸಿದಳು, ಆಗಲಿಲ್ಲ. ಅವ ಅಚ್ಚಿಗೆ ಹೋಗೋ ಕಡತ ತೆರೆದು ನೋಡಿದ. ಒಳಗ ತಾರೀಖಿನ ಸಾಲಿನಾಗ ಇಂಗ್ಲಿಷಿನ ಮೂರಕ್ಷರ ಇದ್ದವು, 'ಟ್ಯೂ', ಮಂಗಳವಾರದ ಗುರುತು. ಅಷ್ಟು ಬದಲಿಸಿದ, ಮಂಗಳವಾರವೇ ಅಚ್ಚಾಯಿತು.

ಆದರ ತಪ್ಪು ಓಪನ್ ಆಫೀಸಿನದಾಗಿರಲಿಲ್ಲ. ಯಾವ ಕಡತ ಯಾವ ಜಾತಿದು ಅಂತ ಗುರುತು ಹಿಡಿಯೋ ಒಂದು ಸಣ್ಣ ಸಲಕರಣೆ ನಡುವೆ ಕೂತಿರತದ. ಎರ್ಲ್ಯಾಂಗ್ ಅನ್ನೋ ಬ್ಯಾರೆ ಭಾಷೆಯ ಕಡತದ ಗುರುತು ಅಂತ ಅದರಾಗ 1991ರ ಜನವರಿ 22, ಮಂಗಳವಾರದ ತಾರೀಖು ಬರೆದಿಟ್ಟಿದ್ದರು. ಶಬ್ದಗಳ ನಡುವಿನ ಖಾಲಿ ಜಾಗ ಸರಿಯಾಗಿ ಗುರುತು ಮಾಡದ್ದಕ್ಕ ಬರೇ 'ಟ್ಯೂ' ಸಿಕ್ಕರೆ ಸಾಕು, ಇದು ಎರ್ಲ್ಯಾಂಗ್ ಅಂತ ತಿಳೀತಿತ್ತು. ಅಚ್ಚಿನ ಕೆಲಸ ಅಲ್ಲೇ ನಿಲ್ತಿತ್ತು. ಶನಿ-ಮಂಗಳನ ಕಾಟ ಅಲ್ಲ, ಮೂರಕ್ಷರದ ಕಾಟ.

ಈ ಮಾತು ಕೇಳಿ ಆವತ್ತು ನನಗ ಊಟ ಸೇರಲಿಲ್ಲ. ಹತ್ತು ವರ್ಷದ ಹಿಂದಿನದು ನೆನಪಾಯಿತು.

ಬಾವಿ ಮೋಟಾರಿನ ಕಬ್ಬಿಣದ ಪೆಟ್ಟಿಗೆ ಮುಟ್ಟಿದರೆ ಕೈ ಜುಂ ಅಂತದ ಅಂದಳು ನಮ್ಮಾಕಿ. ನಾ ಮಧ್ಯಾಹ್ನ ಹೋಗಿ ಅಂಗೈ ಇಟ್ಟು ನೋಡಿದೆ. ಏನೂ ಆಗಲಿಲ್ಲ. "ನಿನ್ನ ಕೈಗೆ ಹುಚ್ಚು ಹಿಡಿದದ" ಅಂತ ನಾಲ್ಕು ಮಂದಿ ಮುಂದ ನಕ್ಕೆ. ಆಕಿ ಹೋಗ್ತಿದ್ದದ್ದು ನಸುಕಿನ್ಯಾಗ, ಹಸಿ ನೆಲದ ಮ್ಯಾಲ, ಬರಿಗಾಲಿಲೆ. ನನ್ನ ಕಾಲಾಗ ರಬ್ಬರ್ ಚಪ್ಪಲಿ, ನೆಲ ಒಣಗಿತ್ತು. ಅದು ನನಗ ಹೊಳೀಲಿಲ್ಲ. ಒಂದು ತಿಂಗಳಿಗೆ, ಮಳೆ ಬಂದ ಮರುದಿನ, ಆ ಪೆಟ್ಟಿಗೆಯ ಕಂಬಕ್ಕ ಕಟ್ಟಿದ ಆಕಳ ಕರು ಸತ್ತು ಬಿದ್ದಿತ್ತು. ಒಳಗೊಂದು ವಾಯರು ಸವೆದಿತ್ತು. ನಮ್ಮಾಕಿ ಒಂದು ಮಾತೂ ಆಡಲಿಲ್ಲ. ಅಂದಿದ್ದರೆ ಹಗುರಾಗ್ತಿತ್ತು. ಕರುವಿನ ಜಾಗದಾಗ ಆಕಿನೇ ಇರಬಹುದಿತ್ತು.

ಹಂಗಂತ ಎಲ್ಲಾ ಮಾತಿಗೂ ಹೂಂ ಅನಬೇಕೇನು? ಅದೂ ಅಲ್ಲ. ದೂರಿನಾಗ ಎರಡು ಮಾತು ಇರತಾವು: ಏನಾಯಿತು ಅನ್ನೋದು ಒಂದು, ಯಾತಕ್ಕಾಯಿತು ಅನ್ನೋದು ಇನ್ನೊಂದು. ಆ ಹೆಣ್ಣುಮಗಳು ಕಂಡದ್ದು ಖರೇ ಇತ್ತು, ತಪ್ಪು ಮಾತ್ರ ಬ್ಯಾರೆ ಕಡೆ ಇತ್ತು. ಯಾತಕ್ಕ ಅನ್ನೋದರ ಮ್ಯಾಲ ಬೇಕಾದಷ್ಟು ವಾದ ಹಾಕ್ರಿ. ಏನಾಯಿತು ಅನ್ನೋದನ್ನ ಅಲ್ಲಗಳೆಯೋ ಮುಂದ ಮಾತ್ರ, ಅವರು ನಿಂತ ಜಾಗದಾಗ, ಅವರು ನಿಂತ ಹೊತ್ತಿನ್ಯಾಗ, ಅವರ ಹಂಗ ನಿಂತು ನೋಡ್ರಿ. "ನನಗ ಆಗಲಿಲ್ಲ" ಅನ್ನೋದು ನನ್ನ ಸುದ್ದಿ. ಅದು ಅವರ ಮಾತಿಗೆ ಜವಾಬು ಅಲ್ಲ.

ಮೇಳದಾಗ ಈಗಲೂ ಸವಾಲು ಮುರೀತೀನಿ. ಮನ್ಯಾಗ ಯಾರರೆ ಏನರೆ ಅಂದರೆ, ಮೊದಲು ಚಪ್ಪಲಿ ಬಿಡ್ತೀನಿ.