ಸೊಪ್ಪು ಹೇಳಿದರೆ ಉಪ್ಪು

ಕೇಣಿಯ ದಂಡೆಯಲ್ಲಿ ಈಗ ಎಂಜಿನ್ ಸದ್ದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೂ 10 ಅಶ್ವಶಕ್ತಿ ಮೀರಿದ ಎಂಜಿನ್ನಿನ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಬೋಟು ಮೇಲೇರಿಸಿ, ಎಂಜಿನ್ ಬಿಚ್ಚಿ, ಹರಿದ ಬಲೆ ಸರಿಮಾಡುವ ದಿನಗಳಿವು. ಇಂಥದೊಂದು ಸಂಜೆ ಪರಿಚಯದ ತಾಂಡೇಲರೊಬ್ಬರ ಜಗಲಿಯಲ್ಲಿ ಕೂತಿದ್ದೆ. ಮೂವತ್ತು ವರ್ಷ ಬೋಟು ನಡೆಸಿದ ಜೀವ. ಆಗಷ್ಟೇ ಅಂಕೋಲೆ ಪೇಟೆಯಿಂದ ಬಂದು ಚೀಲ ಇಳಿಸಿದ್ದರು. ಅವರ ಹೆಂಡತಿ ಚೀಲಕ್ಕೆ ಕೈಹಾಕಿದರೆ ಸಿಕ್ಕಿದ್ದು ಎರಡು ಪೊಟ್ಟಣ ಉಪ್ಪು. "ನೋಡಿ ಮಾಸ್ತರೇ, ನಾ ಹೇಳಿದ್ದು ಸೊಪ್ಪು. ದಕ್ಕೆಯಲ್ಲಿ ಯಾರು ಎಂತ ಹೇಳಿದ್ರೂ ಕೇಳ್ತದೆ, ನನ್ನ ಮಾತೊಂದೇ ಇವರ ಕಿವಿಗೆ ಬೀಳೂದಿಲ್ಲ" ಎಂದರು. ತಾಂಡೇಲರು ಟೀವಿಯ ಸದ್ದು ಇನ್ನಷ್ಟು ಏರಿಸಿ, "ಬಾಯೊಳಗೇ ಹೇಳಿದ್ರೆ ಕೇಳೂದು ಹ್ಯಾಂಗೆ?" ಎಂದರು.

ಇಬ್ಬರು ಹೇಳಿದ್ದೂ ನಿಜವೇ. ವಯಸ್ಸಿನಿಂದಲೋ ಗದ್ದಲದಿಂದಲೋ ಮಂದವಾಗುವ ಕಿವಿ ಎಲ್ಲ ಸದ್ದನ್ನೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುದು ತಾರಸ್ಥಾಯಿಯ ಸದ್ದು. ಸ, ಶ, ತ, ಕ ಇಂಥ ವ್ಯಂಜನಗಳು ಮಾಸುತ್ತವೆ, ಸ್ವರಗಳು ಉಳಿಯುತ್ತವೆ. ಸೊಪ್ಪಿನ ಸಕಾರ ಕಳಚಿದರೆ ಕಿವಿಗೆ ತಲುಪುವುದು 'ಒಪ್ಪು'. ಮನಸ್ಸು ಅದನ್ನು ಉಪ್ಪು ಮಾಡಿಕೊಳ್ಳುತ್ತದೆ. ಯಕ್ಷಗಾನಕ್ಕೆ ಹೋದರೆ ಚಂಡೆ ಚೆನ್ನಾಗಿಯೇ ಕೇಳುತ್ತದೆ, ಅರ್ಥ ಹೇಳುವವರ ಮಾತು ಕಲಸಿಹೋಗುತ್ತದೆ. ಗಂಡಸರ ದನಿ ಸಾಮಾನ್ಯವಾಗಿ ತಗ್ಗಿನದು, ಹೆಂಗಸರ, ಮಕ್ಕಳ ದನಿ ಏರಿನದು. ಅದಕ್ಕೇ ದಕ್ಕೆಯ ಗೆಳೆಯನ ಮಾತು ತಿಳಿಯುತ್ತದೆ. ಅಡುಗೆಮನೆಯಿಂದ ಹೆಂಡತಿ ಕರೆದದ್ದು ತಿಳಿಯುವುದಿಲ್ಲ, ಮೊಮ್ಮಗಳು ಕೇಳಿದ್ದಕ್ಕೆ ಅಜ್ಜ ಸುಮ್ಮನೆ ನಕ್ಕು ತಲೆಯಾಡಿಸುತ್ತಾನೆ. ಎಷ್ಟೋ ಮನೆಗಳಲ್ಲಿ ಉಪೇಕ್ಷೆಯೆಂದು ವರ್ಷಗಟ್ಟಲೆ ಮನಸ್ಸಿಗೆ ಹಚ್ಚಿಕೊಂಡದ್ದು ಬರಿಯ ಶ್ರವಣದೋಷವಾಗಿತ್ತು ಎಂದು ನೆನೆದರೆ ಸಂಕಟವಾಗುತ್ತದೆ. ಅಷ್ಟು ದಿನದ ಮುನಿಸು ಬೇಕಿರಲಿಲ್ಲ.

ಒಳಗಿವಿಯಲ್ಲಿ ನಮ್ಮ ದಂಡೆಯ ಶಂಖದ ಹಾಗೆ ಸುರುಳಿ ಸುತ್ತಿದ ಒಂದು ಅಂಗವಿದೆ, ಕಾಕ್ಲಿಯಾ ಎನ್ನುತ್ತಾರೆ. ಅದರೊಳಗಿನ ಸುಮಾರು 15 ಸಾವಿರ ರೋಮಕೋಶಗಳು ಸದ್ದನ್ನು ನರಕ್ಕೆ ದಾಟಿಸುತ್ತವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು. ಅದರ ಮೇಲೆ 3 ಡೆಸಿಬಲ್ ಏರಿದರೆ ಅವಧಿ ಅರ್ಧಕ್ಕಿಳಿಯುತ್ತದೆ. ಕೈಗೆ ಸಿಗುವಷ್ಟು ಹತ್ತಿರ ನಿಂತವನೊಡನೆ ಕೂಗಿ ಮಾತಾಡಬೇಕಾಗಿ ಬಂದರೆ ಆ ಗಡಿ ದಾಟಿದೆ ಎಂದೇ ತಿಳಿಯಬೇಕು. ಡೀಸೆಲ್ ಎಂಜಿನ್ನಿನ ಪಕ್ಕದಲ್ಲೇ ಉಂಡು ಮಲಗುವ ಮೀನುಗಾರ, ಕಲ್ಲುಕ್ವಾರಿಯ ಕೆಲಸಗಾರ, ಲಾರಿ ಚಾಲಕ: ಇಂಥ ದುಡಿಮೆ ಬಹುಪಾಲು ಗಂಡಸರದೇ. ನಲವತ್ತಕ್ಕೆ ತಕರಾರಿಲ್ಲದೆ ಚಾಳೀಸು ಹಾಕಿಕೊಂಡವರು ಕಿವಿ ಮಷಿನ್ ಎಂದೊಡನೆ ಹಿಂದೆ ಸರಿಯುತ್ತಾರೆ. ತಪ್ಪು ಅವರೊಬ್ಬರದಲ್ಲ. 'ಕೆಪ್ಪ' ಎಂಬುದನ್ನು ಬೈಗುಳ ಮಾಡಿಟ್ಟವರು ನಾವು. ಮಾತು ತಿಳಿಯದವರು ಮೊದಲು ಮದುವೆಮನೆಗೆ ಹೋಗುವುದು ಬಿಡುತ್ತಾರೆ, ಆಮೇಲೆ ಜಗಲಿಗೆ ಬರುವುದನ್ನೂ. ಮುಪ್ಪಿನ ಮರೆವಿನ ರೋಗಕ್ಕೆ ಎಡೆಮಾಡುವ, ನಾವು ಸರಿಪಡಿಸಬಹುದಾದ ಕಾರಣಗಳ ಪಟ್ಟಿಯಲ್ಲಿ ಲ್ಯಾನ್ಸೆಟ್ ಆಯೋಗ 2020ರಲ್ಲೂ 2024ರಲ್ಲೂ ಶ್ರವಣದೋಷವನ್ನು ಸೇರಿಸಿದೆ.

ಎಲ್ಲರಿಗೂ ಮಷಿನ್ನೇ ಬೇಕೆಂದಿಲ್ಲ. ಕೆಲವರಿಗೆ ಗುಗ್ಗೆ ಕಟ್ಟಿಕೊಂಡಿರುತ್ತದೆ, ಅಷ್ಟೇ. ಬೆಂಕಿಕಡ್ಡಿ ಹಾಕದೆ, ಬಿಸಿ ಎಣ್ಣೆ ಬಿಡದೆ ವೈದ್ಯರಿಂದ ತೆಗೆಸಿದರೆ ಮುಗಿಯಿತು. ಸೋರುವ ಕಿವಿಗೆ ಔಷಧವಿದೆ, ತಮಟೆ ತೂತಾಗಿದ್ದರೆ ಶಸ್ತ್ರಚಿಕಿತ್ಸೆಯಿದೆ. ಒಂದು ಕಿವಿ ಒಮ್ಮೆಲೇ ಕೇಳದಾದರೆ ಮಾತ್ರ ನಾಳೆಗೆ ಇಡಬೇಡಿ, ಮೊದಲ ದಿನಗಳಲ್ಲಿ ಕೊಟ್ಟ ಔಷಧಕ್ಕೇ ಫಲ ಹೆಚ್ಚು. ಪರೀಕ್ಷೆಗೆ ನೋವಿಲ್ಲ, ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತುವುದು. ಮಷಿನ್ ಹಾಕಿದ ಮೊದಲ ವಾರ ಪಾತ್ರೆಯ ಸದ್ದೂ ಕಾಗೆಯ ಕೂಗೂ ಕಿವಿಗೆ ಅಪ್ಪಳಿಸುತ್ತವೆ. ಮಿದುಳು ಹೊಂದಿಕೊಳ್ಳಲು ಕೆಲವು ವಾರ ಬೇಕು, ಅಷ್ಟರಲ್ಲಿ ಬೇಸತ್ತು ಕಪಾಟಿಗೆ ಸೇರಿಸಬೇಡಿ. ನಮ್ಮ ಕಡಲ ಹವೆಯ ತೇವಕ್ಕೆ ಅದು ಬೇಗ ಕೆಡುತ್ತದೆ. ರಾತ್ರಿ ಬಿಚ್ಚಿ, ಒರೆಸಿ, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಬಡತನ ರೇಖೆಗಿಂತ ಕೆಳಗಿರುವ, ಅರವತ್ತು ದಾಟಿದವರಿಗೆ ಶ್ರವಣಸಾಧನ ಉಚಿತವಾಗಿ ಕೊಡಲು 2017ರಿಂದ ಕೇಂದ್ರದ ವಯೋಶ್ರೀ ಯೋಜನೆಯಿದೆ. ಇನ್ನು ಮನೆಯವರ ಪಾಲಿನದು: ಹಿಂದಿನಿಂದ ಕೂಗುವುದು ಬೇಡ, ಎದುರು ಬಂದು, ಮುಖ ಕಾಣುವಂತೆ, ನಿಧಾನವಾಗಿ ಹೇಳಿದರೆ ಸಾಕು. ಈಗಷ್ಟೇ ಬೋಟು ಹತ್ತುತ್ತಿರುವ ಹುಡುಗರಿಗೆ ಎಂಜಿನ್ ಹತ್ತಿರ ಇಯರ್‌ಪ್ಲಗ್ ಬೇಕು, ಅರಳೆ ತುರುಕಿದರೆ ಸಾಲದು. ಬೋಟಿನ ಎಂಜಿನ್ ಬಿಚ್ಚಿ ನೋಡಲು ಎರಡು ತಿಂಗಳು ಸಿಕ್ಕಿದೆ. ಆಗಸ್ಟ್ 1ಕ್ಕೆ ಅದು ನೀರಿಗಿಳಿಯುವ ಮೊದಲು ಒಂದು ಬೆಳಿಗ್ಗೆ ಕಾರವಾರದ ಬಸ್ಸು ಹತ್ತಿ, ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಿವಿ ತೋರಿಸಿ ಬನ್ನಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಯಾವ ಮಾತು ಎಂದಿನಿಂದ ತಪ್ಪುತ್ತಿದೆ ಎಂದು ವೈದ್ಯರು ಕೇಳಿದರೆ ಸರಿಯಾಗಿ ಹೇಳಬಲ್ಲವರು ಅವರೇ.